ಬಾಲಿ ದ್ವೀಪದ ಪ್ರವಾಸೋದ್ಯಮ ಮತ್ತು ದ್ವೀಪವಾಸಿಗಳು

ಬಾಲಿಯು ಇಂಡೊನೇಷ್ಯಾದ ಒಂದು ಪ್ರಾಂತ್ಯ. ಜಾವಾ ಮತ್ತು ಲೊಂಬೊಕ್ ದ್ವೀಪಗಳ ನಡುವೆ ಇದೆ. ರಾಜಧಾನಿ ಡೆನ್‌ಪಸಾರ್. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 43 ಲಕ್ಷ, ಬಹುಸಂಖ್ಯಾತರು ಹಿಂದೂಗಳು. ಕೊರೊನಾಕ್ಕೆ ಹಿಂದಿನ ವರ್ಷವಾದ 2019ರಲ್ಲಿ ಇಲ್ಲಿಗೆ 62 ಲಕ್ಷಕ್ಕೂ ಹೆಚ್ಚು ವಿದೇಶಿ ಪ್ರವಾಸಿಗರು ಬಂದಿದ್ದರು. 2024ರಲ್ಲಿ ಆ ಸಂಖ್ಯೆ ಮತ್ತೆ ಅಷ್ಟಕ್ಕೇ ಏರಿತು. ದೇಶದೊಳಗಿಂದ ಬರುವವರದು ಇದಲ್ಲದೆ ಇನ್ನೊಂದು ಕೋಟಿಯ ಲೆಕ್ಕ. ವಿದೇಶಿಯರ ಪೈಕಿ ಆಸ್ಟ್ರೇಲಿಯಾದವರದು ಮೊದಲ ಸ್ಥಾನ, ಈಚಿನ ವರ್ಷಗಳಲ್ಲಿ ಭಾರತೀಯರದು ಎರಡನೆಯದು. ಬೆಂಗಳೂರಿನಿಂದ ಡೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ ಕರ್ನಾಟಕದ ನವದಂಪತಿಗಳಿಗೂ ಬಾಲಿ ಹತ್ತಿರದ ಊರಾಗಿದೆ. ಆದ್ದರಿಂದ ಈ ದ್ವೀಪದಲ್ಲಿ ಮನೆ ಮಾಡಿಕೊಂಡಿರುವವರಿಗೆ ಏನಾಗುತ್ತಿದೆ ಎಂಬುದು ನಮಗೂ ಸಂಬಂಧಪಟ್ಟ ವಿಷಯ.

ಜನ ಬಾಲಿಗೆ ಬರುವುದು ಮುಖ್ಯವಾಗಿ ಮೂರನ್ನು ನೋಡಲು: ಕಡಲು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ, ಊರೂರಿನ ದೇವಸ್ಥಾನಗಳಲ್ಲಿ ಬಿಡುವಿಲ್ಲದೆ ನಡೆಯುವ ಉತ್ಸವ. ಕಡಲೊಂದನ್ನು ಬಿಟ್ಟರೆ ಉಳಿದೆರಡೂ ಊರವರ ದುಡಿಮೆಯಿಂದ ಆದವು. ಆ ದುಡಿಮೆಗೆ ನೀರು ಬೇಕು, ನೆಲ ಬೇಕು, ಬಿಡುವಿನ ಹೊತ್ತು ಬೇಕು. ಪ್ರವಾಸೋದ್ಯಮ ಬಾಲಿಯವರ ಕೈಯಿಂದ ಹೆಚ್ಚಾಗಿ ಕಿತ್ತುಕೊಂಡಿರುವುದೂ ಈ ಮೂರನ್ನೇ.

ಹಿನ್ನೆಲೆ

ಡಚ್ಚರು 1906 ಮತ್ತು 1908ರಲ್ಲಿ ಬಾದುಂಗ್ ಹಾಗೂ ಕ್ಲುಂಗ್‌ಕುಂಗ್ ಅರಮನೆಗಳ ಮೇಲೆ ದಾಳಿ ಮಾಡಿದಾಗ ರಾಜಪರಿವಾರದವರು ಶರಣಾಗದೆ, ಬಿಳಿ ಬಟ್ಟೆಯುಟ್ಟು ಗುಂಡಿಗೆ ಎದೆಯೊಡ್ಡಿದರು. ಇದನ್ನು ‘ಪುಪುತಾನ್’ ಎನ್ನುತ್ತಾರೆ. ಈ ನೆತ್ತರಿನ ಕಲೆಯನ್ನು ಮರೆಸುವ ತವಕವೂ ವಸಾಹತು ಸರ್ಕಾರಕ್ಕಿತ್ತು. ಹೆಚ್ಚು ಕಾಲ ಕಳೆಯುವ ಮೊದಲೇ ಬಾಲಿಯನ್ನು ‘ಸ್ವರ್ಗ’ವೆಂದು ಬಣ್ಣಿಸಿ ಹಡಗಿನಲ್ಲಿ ಯುರೋಪಿಯನ್ನರನ್ನು ಕರೆತರತೊಡಗಿತು. ಸ್ವಾತಂತ್ರ್ಯದ ನಂತರ ಅಧ್ಯಕ್ಷ ಸುಕಾರ್ನೊ ಕಾಲದಲ್ಲಿ, ಜಪಾನ್ ಕೊಟ್ಟ ಯುದ್ಧಪರಿಹಾರದ ಹಣದಿಂದ ಸಾನೂರ್ ಕಡಲತೀರದಲ್ಲಿ ಬಹುಮಹಡಿಯ ‘ಬಾಲಿ ಬೀಚ್ ಹೋಟೆಲ್’ ಎದ್ದಿತು, ತೆರೆದದ್ದು 1966ರಲ್ಲಿ. ತೆಂಗಿನ ತೋಪಿನ ತಲೆಯ ಮೇಲೆ ನಿಂತ ಆ ಕಟ್ಟಡ ಊರವರಿಗೆ ಹಿಡಿಸಲಿಲ್ಲ. ಯಾವ ಕಟ್ಟಡವೂ 15 ಮೀಟರ್, ಅಂದರೆ ತೆಂಗಿನ ಮರದ ಎತ್ತರ, ಮೀರಬಾರದೆಂಬ ನಿಯಮ ಆಮೇಲೆ ಬಂತು. ಬಾಲಿಯ ಆಕಾಶ ಇವತ್ತಿಗೂ ತೆರೆದಿರುವುದು ಈ ನಿಯಮದಿಂದ. ನೆಲದುದ್ದಕ್ಕೂ ಹರಡಿಕೊಳ್ಳುವುದಕ್ಕೆ ಮಾತ್ರ ಇಂಥದೊಂದು ಗಟ್ಟಿ ಕಟ್ಟುಪಾಡು ಹುಟ್ಟಲಿಲ್ಲ.

1971ರಲ್ಲಿ ಫ್ರೆಂಚ್ ಸಲಹಾ ಸಂಸ್ಥೆಯೊಂದು ಯೋಜನೆ ತಯಾರಿಸಿತು: ದೊಡ್ಡ ಹೋಟೆಲುಗಳೆಲ್ಲ ತೆಂಕಣ ತುದಿಯ ಬರಡು ನೆಲವಾದ ನುಸಾ ದುವಾದಲ್ಲಿ ಇರಲಿ, ಪ್ರವಾಸಿಗರು ಹಗಲು ಹೊತ್ತು ಊರುಗಳನ್ನು ನೋಡಿಕೊಂಡು ರಾತ್ರಿ ಅಲ್ಲಿಗೆ ಮರಳಲಿ ಎಂಬುದು ಅದರ ಸಾರ. ನುಸಾ ದುವಾ ಕಟ್ಟಿ ಮುಗಿಯುವುದಕ್ಕೆ ಮೊದಲೇ ಕುತಾ ಎಂಬ ಮೀನುಗಾರರ ಹಳ್ಳಿಯಲ್ಲಿ ಬೇರೆಯದೇ ಪದ್ಧತಿ ಬೆಳೆದಿತ್ತು. ಅಲೆಸವಾರಿಗೆ ಬಂದ ಹುಡುಗರಿಗೆ ಊರವರು ತಮ್ಮ ಮನೆಯಂಗಳದಲ್ಲೇ ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟರು. ಇದಕ್ಕೆ ‘ಲೊಸ್ಮೆನ್’ ಎಂದು ಹೆಸರು. ಬೆಳಗಿನ ತಿಂಡಿ ಮನೆಯಾಕೆಯದು, ಬಾಡಿಗೆ ಹಣ ಅದೇ ಮನೆಯದು. ಪ್ರವಾಸೋದ್ಯಮದ ಗಳಿಕೆ ಸ್ಥಳೀಯರ ಕೈಯಲ್ಲೇ ಉಳಿದ ಕಾಲ ಬಾಲಿಯಲ್ಲಿ ಇದ್ದರೆ, ಅದು ಈ ಲೊಸ್ಮೆನ್ ಕಾಲ. ದೊಡ್ಡ ಬಂಡವಾಳ ಬಂದ ಮೇಲೆ ಅದೇ ಮನೆಯ ಮಕ್ಕಳು ಹೋಟೆಲಿನಲ್ಲಿ ಸಂಬಳಕ್ಕೆ ನಿಂತರು. 2024ರಲ್ಲಿ ಬಾಲಿ ಪ್ರಾಂತ್ಯದ ಕನಿಷ್ಠ ವೇತನ ತಿಂಗಳಿಗೆ ಸುಮಾರು 28 ಲಕ್ಷ ರುಪಿಯಾ. ನಮ್ಮ ಲೆಕ್ಕದಲ್ಲಿ 15 ಸಾವಿರ ರೂಪಾಯಿಯ ಆಸುಪಾಸು.

ನೀರು ಮತ್ತು ಗದ್ದೆ

ಬಾಲಿಯ ಬೇಸಾಯ ನಿಂತಿರುವುದು ‘ಸುಬಕ್’ ಎಂಬ ನೀರಾವರಿ ಸಂಘಗಳ ಮೇಲೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಳಮೆಯ ಈ ಪದ್ಧತಿಯಲ್ಲಿ ಒಂದೇ ಕಾಲುವೆಯ ನೀರುಣ್ಣುವ ರೈತರೆಲ್ಲ ಒಂದು ಸಂಘ. ಅದರ ಮುಖ್ಯಸ್ಥ ‘ಪೆಕಾಸೆಹ್’. ನಮ್ಮ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಅವನ ಕೆಲಸ ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಪೂಜೆಗೆ ಸೇರಿದ್ದು. ತೂಬು ಇರುವ ಕಡೆ ಗುಡಿ ಇರುತ್ತದೆ. ಬಾತೂರ್ ಸರೋವರದ ಮೇಲಿನ ಪುರಾ ಉಲುನ್ ದಾನು ದೇವಸ್ಥಾನದಿಂದ ಹಿಡಿದು ಒಬ್ಬೊಬ್ಬ ರೈತನ ಗದ್ದೆಯ ಮೂಲೆಯ ಗುಡಿಯವರೆಗೆ ಇವು ಸಾಲಾಗಿವೆ. ಯಾವ ಬಯಲು ಯಾವಾಗ ನಾಟಿ ಮಾಡಬೇಕು, ಯಾವುದು ಬೀಳು ಬಿಡಬೇಕು ಎಂಬುದು ಈ ಗುಡಿಗಳ ಕೂಟದಲ್ಲೇ ತೀರ್ಮಾನವಾಗುತ್ತದೆ. 1970ರ ದಶಕದಲ್ಲಿ ಸರ್ಕಾರ ಹಸಿರು ಕ್ರಾಂತಿಯ ಹುಮ್ಮಸ್ಸಿನಲ್ಲಿ ಈ ಸರದಿಯನ್ನು ಬದಿಗಿಟ್ಟು ಎಡೆಬಿಡದೆ ಬೆಳೆಯಿರಿ ಎಂದಾಗ ಕೀಟದ ಹಾವಳಿ ಮತ್ತು ನೀರಿನ ಜಗಳ ಎರಡೂ ಹೆಚ್ಚಿದವು. ಗುಡಿಗಳ ಸರದಿಗೆ ಇದ್ದ ಬೇಸಾಯದ ತರ್ಕವನ್ನು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಬಳಿಕ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ಐದು ಗದ್ದೆ ಸೀಮೆಗಳನ್ನು ಅವುಗಳ ಜಲದೇಗುಲಗಳ ಸಮೇತ, ಒಟ್ಟು 19,500 ಹೆಕ್ಟೇರ್, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಗದ್ದೆಗಳ ನಡುವೆ ಒಂದು ವಿಲ್ಲಾ ಬಂದರೆ ಏನಾಗುತ್ತದೆ? ಹೋಗುವುದು ಆ ಒಂದು ತುಂಡು ಗದ್ದೆ ಮಾತ್ರ ಎಂದು ಹೊರಗಿನವರಿಗೆ ಅನ್ನಿಸಬಹುದು. ಸುಬಕ್‌ನಲ್ಲಿ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ಮೇಲಿನ ಗದ್ದೆಗೆ ಕಾಂಪೌಂಡ್ ಗೋಡೆ ಬಿದ್ದರೆ ಕೆಳಗಿನ ಕಾಲುವೆ ಕಿರಿದಾಗುತ್ತದೆ, ಇಲ್ಲವೇ ಕಟ್ಟಡದ ಕಸ ಕಟ್ಟಿಕೊಳ್ಳುತ್ತದೆ. ಕಾಲುವೆ ಹೂಳೆತ್ತುವ ಕೆಲಸಕ್ಕೆ ಮೊದಲು ಇದ್ದ ಕೈಗಳಲ್ಲಿ ಒಂದು ಜೊತೆ ಕಡಿಮೆಯಾಗುತ್ತದೆ. ಸುತ್ತ ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಹಂಚಿಹೋಗುತ್ತಿದ್ದ ಹಕ್ಕಿ, ಇಲಿಗಳ ಕಾಟ ಉಳಿದ ಒಂಟಿ ಗದ್ದೆಗಳ ಮೇಲೆ ಎರಗುತ್ತದೆ. ನೆರೆಯ ಜಮೀನಿನ ಬೆಲೆ ಏರಿದಂತೆ ಸರ್ಕಾರ ಕಟ್ಟುವ ಮೌಲ್ಯವೂ ಏರಿ, ಭತ್ತ ಬೆಳೆಯುವವನ ಮೇಲೆ ವಿಲ್ಲಾ ಸೀಮೆಯ ತೆರಿಗೆ ಬಂದು ಕೂರುತ್ತದೆ; ಕೆಲವು ಜಿಲ್ಲೆಗಳು ಗದ್ದೆಗೆ ರಿಯಾಯಿತಿ ಕೊಟ್ಟು ಇದನ್ನು ತಡೆಯಲು ನೋಡಿವೆ. ಕೆಲವು ಫಸಲು ಕಳೆಯುವುದರೊಳಗೆ ಕೆಳಗಿನ ರೈತನೂ ದಲ್ಲಾಳಿಗೆ ಫೋನ್ ಮಾಡುತ್ತಾನೆ. ಅದನ್ನು ದುರಾಸೆ ಎಂದು ಕರೆಯುವುದು ಅನ್ಯಾಯ.

ಬಾಲಿಯಲ್ಲಿ ಜಮೀನಿನ ಅಳತೆ ‘ಆರ್’: 100 ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. 1960ರ ಭೂಕಾಯಿದೆಯಂತೆ ವಿದೇಶಿಯರು ಇಂಡೊನೇಷ್ಯಾದಲ್ಲಿ ಜಮೀನಿನ ಪೂರ್ಣ ಒಡೆತನ ಪಡೆಯುವಂತಿಲ್ಲ. ಹಾಗಾಗಿ 25–30 ವರ್ಷದ ಗುತ್ತಿಗೆ, ಅಥವಾ ಸ್ಥಳೀಯರೊಬ್ಬರ ಹೆಸರಿನಲ್ಲಿ ಕೊಳ್ಳುವ ಒಳದಾರಿ. ಗುತ್ತಿಗೆಯ ಹಣ ಒಮ್ಮೆಲೇ ಕೈಗೆ ಬರುತ್ತದೆ. ಮನೆ ಕಟ್ಟುತ್ತಾರೆ, ಕಾರು ಕೊಳ್ಳುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ. ಗುತ್ತಿಗೆ ಮುಗಿದು ನೆಲ ಮರಳುವ ಹೊತ್ತಿಗೆ ಅದು ಕಾಂಕ್ರೀಟು. ಮತ್ತೆ ಗದ್ದೆಯಾಗುವುದಿಲ್ಲ.

ತೆಂಕಣ ಕರಾವಳಿಯಲ್ಲಿ ಕುಡಿಯುವ ನೀರಿನ ಕಥೆಯೂ ಹೀಗೇ. ಹೋಟೆಲು, ವಿಲ್ಲಾಗಳ ಈಜುಕೊಳಕ್ಕೆ ಆಳದ ಬೋರ್‌ವೆಲ್‌ಗಳು ನೀರೆಳೆಯುತ್ತವೆ. ಪಕ್ಕದ ಮನೆಯ ಆಳವಿಲ್ಲದ ಬಾವಿ ಮೊದಲು ತಳ ಕಾಣುತ್ತದೆ, ಆಮೇಲೆ ಕಡಲ ಉಪ್ಪು ಒಳನುಗ್ಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದದ್ದು ತದ್ವಿರುದ್ಧ ಅನಾಹುತ: ಒಂದೇ ರಾತ್ರಿಯ ಮಳೆಗೆ ಡೆನ್‌ಪಸಾರ್ ಮುಳುಗಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಮಳೆನೀರು ಹಿಡಿದಿಡುತ್ತಿದ್ದ ಗದ್ದೆಗಳು ಕಟ್ಟಡಗಳಾದದ್ದರ ಮಾತು ಆಗ ಸರ್ಕಾರದ ಬಾಯಲ್ಲೂ ಬಂತು. ಕೃಷಿಭೂಮಿಯಲ್ಲಿ ಹೊಸ ಹೋಟೆಲು, ರೆಸ್ಟೊರೆಂಟ್‌ಗಳಿಗೆ ಅನುಮತಿ ನಿಲ್ಲಿಸುವುದಾಗಿ ಗವರ್ನರ್ ವಾಯನ್ ಕೊಸ್ಟರ್ ಹೇಳಿದರು.

ಹೊತ್ತು

ಕಳೆದುಹೋದ ಹೊತ್ತಿನ ಲೆಕ್ಕವನ್ನು ಯಾವ ಅಂಕಿಅಂಶದ ಪುಸ್ತಕವೂ ಇಡುವುದಿಲ್ಲ. ಬಾಲಿಯ ಹಿಂದೂ ಒಬ್ಬ ತನ್ನ ‘ಬಂಜಾರ್’ ಎಂಬ ಕೇರಿಯ ಸದಸ್ಯ. ಕೇರಿಯ ಸಾವಿಗೆ, ಮದುವೆಗೆ, ದೇವಸ್ಥಾನದ ಕೆಲಸಕ್ಕೆ ಅವನು ಹೋಗಲೇಬೇಕು. ಕೂಲಿಯಿಲ್ಲದ ಈ ಸೇವೆಗೆ ‘ಙಾಯಾಹ್’ ಎನ್ನುತ್ತಾರೆ. ದೇವಸ್ಥಾನದ ವರ್ಧಂತಿಯಾದ ‘ಒಡಾಲನ್’ ಬಹಳ ಕಡೆ 210 ದಿನಕ್ಕೊಮ್ಮೆ ಬರುತ್ತದೆ, ಒಂದು ಊರಿಗೆ ಕನಿಷ್ಠ ಮೂರು ದೇವಸ್ಥಾನ. ಬೇಸಾಯದ ಬದುಕಿಗೆ ಈ ಪಂಚಾಂಗ ಒಗ್ಗಿತ್ತು. ಹೋಟೆಲಿನ ಪಾಳಿಗೆ ಒಗ್ಗುವುದಿಲ್ಲ. ರಜೆ ಕೇಳಿದರೆ ಮಾಲೀಕನ ಮುಖ ಸಿಂಡರಿಸುತ್ತದೆ, ಕೇಳದಿದ್ದರೆ ಬಂಜಾರ್‌ಗೆ ದಂಡ ಕಟ್ಟಬೇಕು. ಹೀಗಾಗಿ ಕೆಲವರು ಹಾಜರಿಗೆ ಬದಲು ಹಣ ಕೊಡುತ್ತಾರೆ. ದಿನವೂ ಹೊಸ್ತಿಲಲ್ಲಿ ಇಡುವ ‘ಚನಾಂಗ್’ ಎಂಬ ಹೂವಿನ ಪುಟ್ಟ ತಟ್ಟೆಯನ್ನು ಮನೆಯ ಹೆಂಗಸರು ಕೂತು ಹೆಣೆಯುತ್ತಿದ್ದರು. ಈಗ ಕೆಲಸಕ್ಕೆ ಹೋಗುವವರು ಮಾರುಕಟ್ಟೆಯಿಂದ ಕೊಳ್ಳುತ್ತಾರೆ. ಅದಕ್ಕೆ ಬೇಕಾದ ಎಳೆಯ ತೆಂಗಿನ ಗರಿ ಎಷ್ಟೋ ವೇಳೆ ಜಾವಾದಿಂದ ಬಂದಿರುತ್ತದೆ. ಪ್ರವಾಸಿ ಹೊಸ್ತಿಲಲ್ಲಿ ನಿಂತು ಫೋಟೊ ತೆಗೆಯುವ ಆ ಹೂತಟ್ಟೆಗೆ ಬೇಕಾದ ಬಿಡುವನ್ನು ಅವನ ಕೋಣೆ ಗುಡಿಸುವ ಕೆಲಸವೇ ತಿಂದಿದೆ.

ಇನ್ನೊಂದು ಬದಿಯ ಮಾತೂ ಕೇಳಬೇಕು. ಪ್ರವಾಸಿಗರ ಹಣದಿಂದಲೇ ಎಷ್ಟೋ ದೇವಸ್ಥಾನಗಳು ಜೀರ್ಣೋದ್ಧಾರವಾಗಿವೆ, ಗಾಮೆಲಾನ್ ವಾದ್ಯಮೇಳಗಳು ತುಂಬಿವೆ, ಬಡವರ ಮಕ್ಕಳು ಓದಿದ್ದಾರೆ. 1971ರಲ್ಲೇ ಬಾಲಿಯ ವಿದ್ವಾಂಸರು ಸಭೆ ಸೇರಿ ಯಾವ ನೃತ್ಯ ದೇವರಿಗೆ ಮಾತ್ರ, ಯಾವುದು ವೇದಿಕೆಗೂ ಆದೀತು ಎಂದು ಗೆರೆ ಎಳೆಯಲು ಕೂತಿದ್ದರು. ತಮ್ಮ ಸಂಸ್ಕೃತಿಯನ್ನು ಕಾಯುವುದು ಅವರಿಗೆ ಬೇರೆಯವರು ಕಲಿಸಿಕೊಟ್ಟದ್ದಲ್ಲ.

ಒಂದೇ ಕಂಬದ ಮನೆ

2002ರ ಅಕ್ಟೋಬರ್ 12ರಂದು ಕುತಾದಲ್ಲಿ ಬಾಂಬ್ ಸಿಡಿದು 202 ಜನ ಸತ್ತರು. ಸಾವಿನ ಸಂಕಟದ ಮೇಲೆ, ಪ್ರವಾಸಿಗರು ಬಾರದೆ ಕೆಲಸವಿಲ್ಲದ ತಿಂಗಳುಗಳೂ ಬಂದವು. 2020ರಲ್ಲಿ ಕೊರೊನಾ ಬಂದಾಗ ಬಾಲಿಯ ಆರ್ಥಿಕತೆ ಶೇ. 9ಕ್ಕೂ ಹೆಚ್ಚು ಕುಗ್ಗಿತು. 2021ರ ಇಡೀ ವರ್ಷದಲ್ಲಿ ವಿಮಾನದಲ್ಲಿ ಬಂದ ವಿದೇಶಿ ಪ್ರವಾಸಿಗರು ನೂರು ಜನವೂ ಇರಲಿಲ್ಲ. ಹೋಟೆಲಿನ ಹುಡುಗರು ಊರಿಗೆ ಮರಳಿ ಗದ್ದೆಗಿಳಿದರು; ನುಸಾ ಲೆಂಬೊಂಗಾನ್ ಎಂಬ ಸಣ್ಣ ದ್ವೀಪದಲ್ಲಿ ದೋಣಿವಿಹಾರ ನಡೆಸುತ್ತಿದ್ದವರು ಕೈಬಿಟ್ಟಿದ್ದ ಕಡಲಪಾಚಿ ಬೆಳೆಯನ್ನು ಮತ್ತೆ ಹಿಡಿದರು. ಮರಳಲು ಗದ್ದೆ ಉಳಿದಿದ್ದವರು ಮರಳಿದರು. ಗುತ್ತಿಗೆಗೆ ಕೊಟ್ಟಿದ್ದವರಿಗೆ ಆ ದಾರಿಯೂ ಇರಲಿಲ್ಲ.

ಕಸ, ರಸ್ತೆ, ನಡತೆ

ಮಳೆಗಾಲದ ಪಡುಗಾಳಿಗೆ ಕಡಲು ಪ್ಲಾಸ್ಟಿಕ್ಕನ್ನು ತಂದು ಕುತಾ, ಜಿಂಬಾರನ್ ದಂಡೆಗೆ ಸುರಿಯುತ್ತದೆ. 2017ರ ಕೊನೆಯಲ್ಲಿ ಇದಕ್ಕಾಗಿ ‘ಕಸದ ತುರ್ತುಸ್ಥಿತಿ’ ಘೋಷಿಸಬೇಕಾಯಿತು. 2019ರಲ್ಲಿ ಪ್ಲಾಸ್ಟಿಕ್ ಚೀಲ, ಹೀರುಕೊಳವೆ, ಥರ್ಮಾಕೋಲ್‌ಗಳಿಗೆ ನಿಷೇಧ ಬಂತು. ಡೆನ್‌ಪಸಾರ್ ಬಳಿಯ ಸುವುಂಗ್ ಕಸದ ಗುಡ್ಡ ಆದರೂ ಬೆಳೆಯುತ್ತಲೇ ಹೋಗಿ 2023ರಲ್ಲಿ ದಿನಗಟ್ಟಲೆ ಉರಿಯಿತು. ಹೊಗೆ ಕುಡಿದವರು ಸುತ್ತಲಿನ ಮನೆಯವರು. ಚಾಂಗು ಎಂಬ ಊರಿನ ಕಡೆ ಗದ್ದೆಬದುವಿನಂಥ ಒಳದಾರಿಯಲ್ಲೇ ಕಾರು, ಸ್ಕೂಟರುಗಳು ಒಂದಕ್ಕೊಂದು ಜಾಗ ಬಿಡಲಾಗದೆ ನಿಲ್ಲುತ್ತವೆ. ಪವಿತ್ರ ಮರದ ಕೆಳಗೆ ಬೆತ್ತಲೆ ಚಿತ್ರ ತೆಗೆಸಿಕೊಂಡ ಪ್ರವಾಸಿಯನ್ನು 2022ರಲ್ಲಿ ಗಡಿಪಾರು ಮಾಡಲಾಯಿತು. 2023ರಲ್ಲಿ ಪ್ರವಾಸಿಗರಿಗೆ ‘ಮಾಡಬೇಕಾದ್ದು, ಮಾಡಬಾರದ್ದು’ ಎಂಬ ಸುತ್ತೋಲೆ ಹೊರಟಿತು. 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿ ಪ್ರವಾಸಿ 1,50,000 ರುಪಿಯಾ ಶುಲ್ಕ ಕೊಡಬೇಕು.

ಊರವರ ಪ್ರತಿರೋಧ

ನುಸಾ ದುವಾ ಪಕ್ಕದ ಬೆನೋವಾ ಕೊಲ್ಲಿಯನ್ನು ತುಂಬಿ ಕೃತಕ ದ್ವೀಪಗಳಲ್ಲಿ ವಿಹಾರನಗರ ಕಟ್ಟುವ ಯೋಜನೆ 2013ರಲ್ಲಿ ಬಯಲಾದಾಗ ದ್ವೀಪ ಎದ್ದು ನಿಂತಿತು. ಸಂಗೀತಗಾರರು, ವಿದ್ಯಾರ್ಥಿಗಳು, ಮೀನುಗಾರರು ಬೀದಿಗಿಳಿದರು. ‘ದೇಸಾ ಅದಾತ್’ ಎಂಬ ಸಾಂಪ್ರದಾಯಿಕ ಗ್ರಾಮಸಭೆಗಳು ಒಂದೊಂದಾಗಿ ಸೇರಿಕೊಂಡ ಮೇಲೆ ಹೋರಾಟಕ್ಕೆ ಬಲ ಬಂತು, ಏಕೆಂದರೆ ಕೊಲ್ಲಿಯಲ್ಲಿ ಅವರ ತೀರ್ಥಸ್ಥಾನಗಳಿದ್ದವು. ‘ತೊಲಾಕ್ ರೆಕ್ಲಮಾಸಿ’ (ಕಡಲು ತುಂಬುವುದು ಬೇಡ) ಎಂಬ ಬರಹ ಊರೂರ ಬಾಗಿಲಲ್ಲಿ ತೂಗಿತು. 2018ರಲ್ಲಿ ಕಂಪನಿಯ ಸ್ಥಳ ಪರವಾನಗಿಯ ಅವಧಿ ಮುಗಿಯಿತು. 2019ರಲ್ಲಿ ಮೀನುಗಾರಿಕೆ ಸಚಿವಾಲಯ ಕೊಲ್ಲಿಯನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು.

ದ್ವೀಪವಾಸಿಗಳು ವರ್ಷಕ್ಕೊಂದು ದಿನ ಪೂರ್ತಿ ಊರನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಅದು ಶಕವರ್ಷದ ಮೊದಲ ದಿನ, ‘ನ್ಯೆಪಿ’. ನಮ್ಮ ಯುಗಾದಿಯದೂ ಅದೇ ಶಕ. ಎಷ್ಟೋ ವರ್ಷ ಎರಡೂ ಅಕ್ಕಪಕ್ಕದ ದಿನವೇ ಬರುತ್ತವೆ, 2023ರಲ್ಲಿ ಒಂದೇ ದಿನ ಬಂದವು. ಅಂದು ಬೆಂಕಿ ಹೊತ್ತಿಸುವುದಿಲ್ಲ, ದುಡಿಯುವುದಿಲ್ಲ, ಹೊರಗೆ ಹೋಗುವುದಿಲ್ಲ, ಮನರಂಜನೆಯೂ ಇಲ್ಲ. ವಿಮಾನನಿಲ್ದಾಣ 24 ಗಂಟೆ ಮುಚ್ಚಿರುತ್ತದೆ. ಪ್ರವಾಸಿಗರು ಹೋಟೆಲಿನೊಳಗೇ ಇರಬೇಕು. ‘ಪೆಚಾಲಾಂಗ್’ ಎಂಬ ಊರ ಕಾವಲುಗಾರರು ಬೀದಿ ಸುತ್ತುತ್ತಾರೆ.

ಯುನೆಸ್ಕೊ ಪಟ್ಟಿಯಲ್ಲಿರುವ ಜತಿಲುವಿಹ್ ಗದ್ದೆಗಳಲ್ಲಿ 2025ರ ಡಿಸೆಂಬರ್‌ನಲ್ಲಿ ಬೇರೊಂದು ಬಗೆಯ ಪ್ರತಿಭಟನೆ ನಡೆಯಿತು. ಸಂರಕ್ಷಿತ ಗದ್ದೆಯಲ್ಲಿ ಕಟ್ಟಿದ್ದಾರೆಂದು ಅಧಿಕಾರಿಗಳು ಕೆಲವು ತಿಂಡಿಯಂಗಡಿ, ರೆಸ್ಟೊರೆಂಟ್‌ಗಳಿಗೆ ಬೀಗ ಹಾಕಿದಾಗ, ಅವುಗಳನ್ನು ನಂಬಿದ್ದ ರೈತರು ತಮ್ಮ ಗದ್ದೆಯ ಬದುಗಳ ಮೇಲೆ ತಗಡಿನ ಹಾಳೆಗಳನ್ನು ನೆಟ್ಟರು. ನೋಟ ನಮ್ಮ ದುಡಿಮೆಯದು, ಗಳಿಕೆ ಬೇರೆಯವರದು ಎಂಬುದು ಅವರ ದೂರು. ಪ್ರವಾಸಿಗರ ಕ್ಯಾಮೆರಾಕ್ಕೆ ಆ ದಿನಗಳಲ್ಲಿ ಸಿಕ್ಕಿದ್ದು ಹಸಿರಿನ ನಡುವೆ ಹೊಳೆಯುವ ತಗಡು.