ಕರಾವಳಿ ಕರ್ನಾಟಕದಲ್ಲಿ ಫಿಫಾ ವಿಶ್ವಕಪ್ ವೀಕ್ಷಣೆ

ಫಿಫಾ ವಿಶ್ವಕಪ್ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ. ಭಾರತವು 1950ರ ಬ್ರೆಜಿಲ್ ಪಂದ್ಯಾವಳಿಗೆ ಅರ್ಹತೆ ಪಡೆದಿದ್ದರೂ ಅದರಲ್ಲಿ ಆಡಲಿಲ್ಲ. ಆ ಬಳಿಕ ಅರ್ಹತಾ ಸುತ್ತನ್ನು ದಾಟಿಲ್ಲ. ಹೀಗಾಗಿ ಇಲ್ಲಿನ ಬಹುಪಾಲು ಪ್ರೇಕ್ಷಕರು ಪಂದ್ಯಾವಳಿಯನ್ನು ಬಲ್ಲದ್ದು ಪರದೆಯ ಮೂಲಕವೇ. ಉಡುಪಿ ಜಿಲ್ಲೆಯ ಅಜೆಕಾರು, ಕಾರ್ಕಳ, ಕಾಪು, ಮಣಿಪಾಲ ಮೊದಲಾದ ಕಡೆಗಳಲ್ಲಿ ದೂರದರ್ಶನ, ಕೇಬಲ್, ಡಿಟಿಎಚ್ ಹಾಗೂ ಅಂತರಜಾಲ ಇದಕ್ಕೆ ಮುಖ್ಯ ಸಾಧನಗಳಾಗಿವೆ.

ಪ್ರಸಾರದ ಇತಿಹಾಸ

ಭಾರತದಲ್ಲಿ ಬಣ್ಣದ ದೂರದರ್ಶನ ಪ್ರಸಾರ 1982ರಲ್ಲಿ ಆರಂಭವಾಯಿತು. ವಿಶ್ವಕಪ್ ಫುಟ್‌ಬಾಲ್ ದೇಶದ ಮನೆಮನೆಯ ಮಾತಾದದ್ದು 1986ರ ಮೆಕ್ಸಿಕೋ ಪಂದ್ಯಾವಳಿಯಿಂದ. ಡಿಯಾಗೋ ಮರಡೋನಾ ನಾಯಕತ್ವದ ಅರ್ಜೆಂಟೀನಾ ಜೂನ್ 29ರ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯನ್ನು 3–2ರಿಂದ ಸೋಲಿಸಿತು. ದೂರದರ್ಶನದ ನೇರಪ್ರಸಾರದಲ್ಲಿ ಅದನ್ನು ಕಂಡ ಪೀಳಿಗೆಯ ಅರ್ಜೆಂಟೀನಾ ಅಭಿಮಾನ ಮುಂದಿನ ಪೀಳಿಗೆಗೂ ಹರಿದುಬಂದಿದೆ.

ನಂತರದ ವರ್ಷಗಳಲ್ಲಿ ಪ್ರಸಾರದ ಹಕ್ಕುಗಳು ಖಾಸಗಿ ವಾಹಿನಿಗಳ ಪಾಲಾದವು. 2002ರಲ್ಲಿ ಟೆನ್ ಸ್ಪೋರ್ಟ್ಸ್, 2006 ಮತ್ತು 2010ರಲ್ಲಿ ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್, 2014 ಹಾಗೂ 2018ರಲ್ಲಿ ಸೋನಿ ಬಳಗದ ವಾಹಿನಿಗಳು ಪಂದ್ಯಗಳನ್ನು ತೋರಿಸಿದವು. 2022ರ ಕತಾರ್ ಪಂದ್ಯಾವಳಿಯು ಸ್ಪೋರ್ಟ್ಸ್18 ವಾಹಿನಿಯಲ್ಲಿಯೂ ಜಿಯೋಸಿನಿಮಾ ಆ್ಯಪ್‌ನಲ್ಲಿ ಉಚಿತವಾಗಿಯೂ ಪ್ರಸಾರವಾಯಿತು. ಹಕ್ಕು ಹೀಗೆ ಕೈ ಬದಲಿಸುತ್ತ ಬಂದಿರುವುದರಿಂದ, ಹಿಂದಿನ ಬಾರಿ ನೋಡಿದ ವಾಹಿನಿಯಲ್ಲೇ ಮುಂದಿನ ಬಾರಿಯೂ ಪಂದ್ಯ ಸಿಗುವುದೆಂದು ಭಾವಿಸುವಂತಿಲ್ಲ.

ಉಚಿತ ಪ್ರಸಾರ ಮತ್ತು ಕಾನೂನು

ಹಣ ತೆರಲಾಗದವರಿಗೆ ಆಸರೆಯಾಗಿರುವುದು 2007ರ ಕ್ರೀಡಾ ಪ್ರಸಾರ ಸಂಕೇತಗಳ ಕಡ್ಡಾಯ ಹಂಚಿಕೆ ಕಾಯಿದೆ. ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಪಂದ್ಯಗಳ ಸಂಕೇತವನ್ನು ಖಾಸಗಿ ಪ್ರಸಾರಕರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು. ದೂರದರ್ಶನದ ಜಾಹೀರಾತು ಆದಾಯದಲ್ಲಿ ಶೇ. 75ಕ್ಕೆ ಕಡಿಮೆಯಿಲ್ಲದ ಪಾಲು ಹಕ್ಕುದಾರರಿಗೆ ಸಲ್ಲುತ್ತದೆ. ವಿಶ್ವಕಪ್ ಫುಟ್‌ಬಾಲ್‌ನ ಸೆಮಿಫೈನಲ್ ಮತ್ತು ಫೈನಲ್ ಈ ಪಟ್ಟಿಯಲ್ಲಿವೆ, ಎಲ್ಲ ಪಂದ್ಯಗಳಲ್ಲ.

2017ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆ ಪಡೆದ ಸಂಕೇತವನ್ನು ದೂರದರ್ಶನದ ಭೂಪ್ರಸಾರ ಮತ್ತು ಅದರ ಸ್ವಂತ ಡಿಟಿಎಚ್ ಸೇವೆಯಲ್ಲಿ ಮಾತ್ರ ಬಳಸಬಹುದು, ಖಾಸಗಿ ಕೇಬಲ್ ಜಾಲಕ್ಕೆ ನೀಡುವಂತಿಲ್ಲ ಎಂದು ತೀರ್ಪಿತ್ತಿತು. ಭೂಪ್ರಸಾರ ಕೇಂದ್ರಗಳ ಬಹುಭಾಗವನ್ನು 2022ರ ವೇಳೆಗೆ ಮುಚ್ಚಲಾಗಿರುವುದರಿಂದ ಹಳ್ಳಿಯ ವೀಕ್ಷಕರಿಗೆ ವಾಸ್ತವದಲ್ಲಿ ಉಳಿದಿರುವ ಉಚಿತ ಮಾರ್ಗ ಡಿಡಿ ಫ್ರೀ ಡಿಶ್ ಒಂದೇ. 2004ರಲ್ಲಿ ಆರಂಭವಾದ ಈ ಸೇವೆಗೆ ತಿಂಗಳ ಶುಲ್ಕವಿಲ್ಲ. ತಟ್ಟೆ ಮತ್ತು ಸೆಟ್‌ಟಾಪ್ ಪೆಟ್ಟಿಗೆಯ ಬೆಲೆಯಷ್ಟೇ ಖರ್ಚು.

ಮಳೆಗಾಲದ ತೊಡಕು

ವಿಶ್ವಕಪ್ ಸಾಮಾನ್ಯವಾಗಿ ಜೂನ್ ಮತ್ತು ಜುಲೈನಲ್ಲಿ ನಡೆಯುತ್ತದೆ. ಕರಾವಳಿಯಲ್ಲಿ ಅದೇ ಮುಂಗಾರಿನ ಅಬ್ಬರದ ಕಾಲ. ಡಿಟಿಎಚ್ ಸೇವೆಗಳು ಬಳಸುವ ಕೆಯು ಬ್ಯಾಂಡ್ ತರಂಗಗಳು ದಟ್ಟ ಮಳೆಹನಿಗಳಲ್ಲಿ ಕ್ಷೀಣಿಸುವುದರಿಂದ ಜಡಿಮಳೆ ಸುರಿಯುವಾಗ ಚಿತ್ರ ಚೌಕಚೌಕವಾಗಿ ಒಡೆದು, ಕೊನೆಗೆ ಸಂಕೇತವಿಲ್ಲವೆಂಬ ಸೂಚನೆ ಪರದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮಳೆ ತುಸು ತಗ್ಗಿದರೆ ಚಿತ್ರ ತಾನಾಗಿ ಮರಳುತ್ತದೆ. ಆ ನಡುವೆ ಬಿದ್ದ ಗೋಲು ಮಾತ್ರ ಮರಳುವುದಿಲ್ಲ. ಕೇಬಲ್ ನಿರ್ವಾಹಕರು ಬಳಸುವ ದೊಡ್ಡ ತಟ್ಟೆಗಳು ಸಾಮಾನ್ಯವಾಗಿ ಸಿ ಬ್ಯಾಂಡಿನವು; ಮಳೆಯ ಬಾಧೆ ಅವುಗಳಿಗೆ ಬಹಳ ಕಡಿಮೆ.

ಪಶ್ಚಿಮ ಘಟ್ಟದ ತಪ್ಪಲಿಗೆ ಹತ್ತಿರದ ಅಜೆಕಾರಿನಂತಹ ಊರುಗಳಲ್ಲಿ ತೋಟಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಡಿಡಿ ಫ್ರೀ ಡಿಶ್‌ನ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದು, ಉಡುಪಿ ಜಿಲ್ಲೆಯಿಂದ ನೋಡಿದರೆ ಆಗ್ನೇಯ ದಿಕ್ಕಿನಲ್ಲಿ ಸುಮಾರು 63 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಇಷ್ಟು ಎತ್ತರಕ್ಕೆ ಗುಡ್ಡ ಅಡ್ಡಬರುವುದು ಅಪರೂಪ, ಆದರೆ ತೆಂಗು ಮತ್ತು ಅಡಿಕೆಯ ಸೋಗೆ ಬರುತ್ತದೆ. ಬೇಸಗೆಯಲ್ಲಿ ಸರಿಯಿದ್ದ ತಟ್ಟೆ ಮಳೆಗಾಲದಲ್ಲಿ ಕೈಕೊಡಲು ಒದ್ದೆ ಸೋಗೆಯೂ ಒಂದು ಕಾರಣ. ಗಾಳಿಗೆ ಮರ ಬಿದ್ದು ವಿದ್ಯುತ್ ಹೋದರೆ ಮನೆಯಲ್ಲಿ ಇನ್ವರ್ಟರ್ ಇದ್ದರಷ್ಟೇ ಸಾಲದು. ಕೇಬಲ್ ಮಾರ್ಗದ ವರ್ಧಕಗಳಿಗೂ ವಿದ್ಯುತ್ ಬೇಕು. 2022ರ ಪಂದ್ಯಾವಳಿ ಕತಾರಿನ ಬಿಸಿಲಿನ ಕಾರಣದಿಂದ ನವೆಂಬರ್–ಡಿಸೆಂಬರ್‌ನಲ್ಲಿ ನಡೆದುದರಿಂದ ಕರಾವಳಿಯ ವೀಕ್ಷಕರಿಗೆ ಈ ತೊಂದರೆ ತಪ್ಪಿತ್ತು.

ಅಂತರಜಾಲದ ಮೂಲಕ

ಸೆಕೆಂಡಿಗೆ 5 ಮೆಗಾಬಿಟ್ ವೇಗದ ಎಚ್‌ಡಿ ಪ್ರಸಾರಕ್ಕೆ ಗಂಟೆಗೆ ಸುಮಾರು 2.25 ಜಿಬಿ ದತ್ತಾಂಶ ಬೇಕಾಗುತ್ತದೆ. ದಿನಕ್ಕೆ 1.5 ಜಿಬಿ ನೀಡುವ ಮೊಬೈಲ್ ಯೋಜನೆಯು ಈ ಗುಣಮಟ್ಟದಲ್ಲಿ ಮೊದಲಾರ್ಧ ಮುಗಿಯುವವರೆಗೂ ಹೆಚ್ಚುಕಡಿಮೆ ಸಾಲುತ್ತದೆ, ಅಷ್ಟೇ. ಗುಣಮಟ್ಟ ತಗ್ಗಿಸಿಕೊಳ್ಳುವುದು ಅಥವಾ ಫೈಬರ್ ಸಂಪರ್ಕ ಬಳಸುವುದು ಪರಿಹಾರ. ಅಂತರಜಾಲದ ಚಿತ್ರ ಕೇಬಲ್ಲಿಗಿಂತ ಹಲವು ಸೆಕೆಂಡು ಹಿಂದಿರುವುದರಿಂದ ಗೋಲಿನ ಸುದ್ದಿ ಪಕ್ಕದ ಮನೆಯ ಕೂಗಿನಿಂದಲೇ ಮೊದಲು ತಿಳಿಯುವುದುಂಟು. 2022ರ ಉದ್ಘಾಟನಾ ದಿನ ಜಿಯೋಸಿನಿಮಾದಲ್ಲಿ ಚಿತ್ರ ನಿಂತು ನಿಂತು ಬಂದು ವ್ಯಾಪಕ ಅಸಮಾಧಾನ ವ್ಯಕ್ತವಾಗಿತ್ತು.

ಸಮಯ

ಭಾರತೀಯ ಕಾಲಮಾನವು ಪಂದ್ಯಾವಳಿಯ ಸ್ವರೂಪವನ್ನೇ ಬದಲಿಸುತ್ತದೆ. 2002ರಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯದ ಪಂದ್ಯಗಳು ಇಲ್ಲಿ ಮಧ್ಯಾಹ್ನ ಮತ್ತು ಸಂಜೆ ನಡೆದವು. 2018 ಮತ್ತು 2022ರ ಫೈನಲ್‌ಗಳು ರಾತ್ರಿ 8.30ಕ್ಕೆ ಆರಂಭವಾದವು. ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ ಮತ್ತು ಮೆಕ್ಸಿಕೋ ಆತಿಥ್ಯದ 2026ರ ಪಂದ್ಯಾವಳಿಯಲ್ಲಿ 48 ತಂಡಗಳು, 104 ಪಂದ್ಯಗಳಿದ್ದು, ವೇಳಾಪಟ್ಟಿಯಂತೆ ಅವು ಇಲ್ಲಿನ ರಾತ್ರಿ 9.30ರಿಂದ ಮರುದಿನ ಬೆಳಿಗ್ಗೆ 9.30ರವರೆಗಿನ ಅವಧಿಯಲ್ಲಿ ಆರಂಭಗೊಳ್ಳುತ್ತವೆ. ಜುಲೈ 19ರ ಫೈನಲ್ ಇಲ್ಲಿನ ಗಡಿಯಾರದಲ್ಲಿ ಜುಲೈ 20ರ ನಡುರಾತ್ರಿ 12.30ಕ್ಕೆ ಬೀಳುತ್ತದೆ. ದಿನಾಂಕದ ಈ ವ್ಯತ್ಯಾಸವನ್ನು ಗಮನಿಸದೆ ಒಂದು ದಿನ ತಡವಾಗಿ ಕಾಯುವ ಸಂಭವವಿದೆ.

ಸಾರ್ವಜನಿಕ ವೀಕ್ಷಣೆ

ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದ್ದು, ವಿಶ್ವಕಪ್ ಸಮಯದಲ್ಲಿ ಬೀದಿಯಲ್ಲೇ ದೊಡ್ಡ ಪರದೆ ಹಾಕಿ ನೋಡುವ ರೂಢಿ ಪ್ರಸಿದ್ಧ. ಇಂತಹ ಏರ್ಪಾಟು ಮಾಡುವ ಯುವಕ ಮಂಡಲಗಳು ಎರಡು ಕಾನೂನುಗಳನ್ನು ಗಮನಿಸಬೇಕಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 37ನೇ ಕಲಮಿನ ಪ್ರಕಾರ ಹಕ್ಕುದಾರರ ಪರವಾನಗಿಯಿಲ್ಲದೆ ಶುಲ್ಕ ಪಡೆದು ಪ್ರಸಾರವನ್ನು ಸಾರ್ವಜನಿಕರಿಗೆ ತೋರಿಸುವುದು ಹಕ್ಕಿನ ಉಲ್ಲಂಘನೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಬಳಸುವುದನ್ನು ನಿರ್ಬಂಧಿಸುತ್ತವೆ. ನಡುರಾತ್ರಿಯ ಪಂದ್ಯಗಳಿಗೆ ಮುಚ್ಚಿದ ಸಭಾಂಗಣವೇ ಸೂಕ್ತ.

ಭಾಷೆ

2022ರಲ್ಲಿ ಜಿಯೋಸಿನಿಮಾ ಇಂಗ್ಲಿಷ್, ಹಿಂದಿ, ಮಲಯಾಳಂ, ತಮಿಳು ಮತ್ತು ಬಂಗಾಳಿ ವೀಕ್ಷಕ ವಿವರಣೆಯನ್ನು ಒದಗಿಸಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕ್ರಿಕೆಟ್ ಮತ್ತು ಕಬಡ್ಡಿಗೆ ಕನ್ನಡ ವಿವರಣೆ ದೊರೆಯುತ್ತಿರುವಾಗ ಈ ಕೊರತೆ ಎದ್ದು ಕಾಣುತ್ತದೆ. ಫುಟ್‌ಬಾಲ್ ಪ್ರೀತಿ ಗಾಢವಾಗಿರುವ ಕಾಸರಗೋಡಿನ ಕನ್ನಡಿಗರಿಗೆ ಮಲಯಾಳಂ ವಿವರಣೆ ಹೇಗೂ ಅರ್ಥವಾಗುತ್ತದೆ. ಗಡಿಯ ಈಚೆಗಿನ ಅನೇಕರು ಇಂಗ್ಲಿಷ್ ಅಥವಾ ಹಿಂದಿಯನ್ನೇ ಆಶ್ರಯಿಸಬೇಕಾಯಿತು.