ನಗೆಯೂ ಮಳೆಯೂ: ಪ್ರಾಚೀನ ನಂಬಿಕೆಗಳಲ್ಲಿ ಹಾಸ್ಯದ ನೆಲೆ

ಪುರಾಣ ಮತ್ತು ಆಚರಣೆಗಳ ಅಧ್ಯಯನದಲ್ಲಿ ಹಾಸ್ಯಕ್ಕೆ ದೊರೆತಿರುವ ಸ್ಥಾನ ಬಹಳ ಕಿರಿದು. ದೇವತೆಗಳ ಉಗಮ, ಯಜ್ಞದ ವಿಧಿ, ಆರಾಧನೆಯ ಸ್ವರೂಪ ಮುಂತಾದ ‘ಗಂಭೀರ’ ವಿಷಯಗಳ ನಡುವೆ ಕಾಣಿಸಿಕೊಳ್ಳುವ ನಗೆಯನ್ನು ವಿದ್ವಾಂಸರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವರಿಸಿದ್ದಾರೆ. ನಂಬಿಕೆ ಸಡಿಲಗೊಂಡ ಮೇಲೆ ಹುಟ್ಟಿದ ವಿಡಂಬನೆ ಎಂಬುದು ಒಂದು. ಬೇಸರ ಕಳೆಯಲೆಂದು ಕಥೆಗಾರರು ಸೇರಿಸಿದ ರಂಜನೆ ಎಂಬುದು ಇನ್ನೊಂದು. ಈ ಎರಡು ವಿವರಣೆಗಳೂ ನಗೆಯನ್ನು ನಂಬಿಕೆಯ ಹೊರಗೆ ನಿಲ್ಲಿಸುತ್ತವೆ. ಆದರೆ ಮಳೆಗೆ ಸಂಬಂಧಿಸಿದ ಸೂಕ್ತ, ಯಾಗ, ಕಥೆ ಮತ್ತು ಜನಪದ ಆಚರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೇರೆಯೇ ಚಿತ್ರ ಮೂಡುತ್ತದೆ. ಅಲ್ಲಿ ನಗೆಯು ನಂಬಿಕೆಯ ವಿರೋಧಿಯಲ್ಲ, ಅದರ ಉಪಕರಣ. ಈ ಮಾತನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ನಿದರ್ಶನ ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತ. ಹತ್ತು ಋಕ್ಕುಗಳ ಈ ರಚನೆ ‘ಮಂಡೂಕಸೂಕ್ತ’ವೆಂದೇ ಪ್ರಸಿದ್ಧ. ವರ್ಷವಿಡೀ ವ್ರತಸ್ಥರಾಗಿ ಮಲಗಿದ್ದ ಬ್ರಾಹ್ಮಣರಂತೆ ಕಪ್ಪೆಗಳು ಮೊದಲ ಮಳೆಗೆ ದನಿಯೆತ್ತುತ್ತವೆ. ಗುರು ಹೇಳಿದ್ದನ್ನು ಶಿಷ್ಯ ಮರುನುಡಿಯುವಂತೆ ಒಂದರ ಕೂಗನ್ನು ಇನ್ನೊಂದು ಅನುಸರಿಸುತ್ತದೆ. ಒಂದು ಹಸುವಿನಂತೆ ಅಂಬಾ ಎನ್ನುತ್ತದೆ, ಇನ್ನೊಂದು ಆಡಿನಂತೆ ಅರಚುತ್ತದೆ. ಅತಿರಾತ್ರ ಸೋಮಯಾಗದಲ್ಲಿ ಋತ್ವಿಜರು ಕುಳಿತಂತೆ ಅವು ತುಂಬಿದ ಕೆರೆಯ ಸುತ್ತ ಕುಳಿತು ಮಾತಾಡುತ್ತವೆ. ಇದನ್ನು ಓದಿ ನಗದಿರುವುದು ಕಷ್ಟ. ಮ್ಯಾಕ್ಸ್ ಮುಲ್ಲರ್ 1859ರಲ್ಲಿ ಪ್ರಕಟವಾದ ತಮ್ಮ ಸಂಸ್ಕೃತ ಸಾಹಿತ್ಯ ಚರಿತ್ರೆಯಲ್ಲಿ ಈ ಸೂಕ್ತವನ್ನು ಪುರೋಹಿತರ ಮೇಲಿನ ವಿಡಂಬನೆಯೆಂದು ಪರಿಗಣಿಸಿದರು. ಆದರೆ ಕೊನೆಯ ಋಕ್ಕು ಈ ತೀರ್ಮಾನಕ್ಕೆ ತಡೆಯೊಡ್ಡುತ್ತದೆ. ಅದೇ ಕಪ್ಪೆಗಳು ನಮಗೆ ಸಂಪತ್ತನ್ನೂ ನೂರಾರು ಗೋವುಗಳನ್ನೂ ದೀರ್ಘಾಯುಸ್ಸನ್ನೂ ಕೊಡಲಿ ಎಂಬ ಪ್ರಾರ್ಥನೆ ಅಲ್ಲಿದೆ. ಕೇವಲ ಹಾಸ್ಯಕ್ಕೆ ಗುರಿಯಾದ ಜೀವಿಯಿಂದ ಯಾರೂ ಆಯುಸ್ಸನ್ನು ಬೇಡುವುದಿಲ್ಲ.

ಮಾರಿಸ್ ಬ್ಲೂಮ್‌ಫೀಲ್ಡ್ 1896ರಲ್ಲಿ ಬರೆದ ಲೇಖನವು ಈ ಸೂಕ್ತವನ್ನು ಮಳೆ ಬರಿಸುವ ಮಂತ್ರವೆಂದು ಸಾಧಿಸಿತು. ಇದಕ್ಕೆ ಭಾರತೀಯ ಪರಂಪರೆಯಲ್ಲೇ ಆಧಾರವಿದೆ. ಮಳೆ ಬಯಸಿದ ವಸಿಷ್ಠ ಪರ್ಜನ್ಯನನ್ನು ಸ್ತುತಿಸಿದಾಗ ಕಪ್ಪೆಗಳು ಅದನ್ನು ಅನುಮೋದಿಸಿದವು, ಆಗ ಋಷಿಯು ಕಪ್ಪೆಗಳನ್ನೇ ಸ್ತುತಿಸಿದ ಎಂದು ಯಾಸ್ಕನ ನಿರುಕ್ತ ಹೇಳುತ್ತದೆ. ಅಥರ್ವವೇದದ ನಾಲ್ಕನೆಯ ಕಾಂಡದ ಮಳೆಯ ಸೂಕ್ತದಲ್ಲಿಯೂ ಕಪ್ಪೆಗಳಿಗೆ ಕರೆಯಿದೆ. ಅಗ್ನಿಚಯನದಲ್ಲಿ ವೇದಿಯ ತಾಪವನ್ನು ತಣಿಸಲು ಅದರ ಮೇಲೆ ಕಪ್ಪೆಯನ್ನು ಎಳೆಯುವ ವಿಧಿಯನ್ನು ಶತಪಥ ಬ್ರಾಹ್ಮಣ ವಿವರಿಸುತ್ತದೆ. ಕಪ್ಪೆ ಇದ್ದಲ್ಲಿ ನೀರಿದೆ, ಆದ್ದರಿಂದ ಕಪ್ಪೆಯನ್ನು ತಂದರೆ ನೀರು ಬರುತ್ತದೆ ಎಂಬುದು ಇದರ ಹಿಂದಿನ ತರ್ಕ. ಒಂದನ್ನು ಹೋಲುವುದು ಅದನ್ನೇ ಸೆಳೆಯುತ್ತದೆ ಎಂಬ ಈ ಆದಿಮ ತತ್ತ್ವವನ್ನು ಜೇಮ್ಸ್ ಫ್ರೇಜರ್ 1890ರಿಂದ ಮುಂದೆ ಪ್ರಕಟವಾದ ತಮ್ಮ ಬೃಹತ್ ಗ್ರಂಥದಲ್ಲಿ ಲೋಕದ ನಾನಾ ಭಾಗಗಳ ಆಚರಣೆಗಳಿಂದ ನಿರೂಪಿಸಿದರು. ಬರಗಾಲದಲ್ಲಿ ಕರ್ನಾಟಕದ ಹಳ್ಳಿಗಳು ಕಪ್ಪೆಗಳ ಮದುವೆ ಮಾಡುವುದು ಇದೇ ತತ್ತ್ವದ ಮೇಲೆ. ಆ ಮದುವೆಗೆ ಚಪ್ಪರವೂ ಉಂಟು, ತಾಳಿಯೂ ಉಂಟು, ಬೀಗರ ಗತ್ತೂ ಉಂಟು. ನೆರೆದವರು ನಗುತ್ತಲೇ ಅಕ್ಷತೆ ಹಾಕುತ್ತಾರೆ. ಆದರೆ ಅವರ ಕಣ್ಣು ಮುಗಿಲ ಮೇಲಿರುತ್ತದೆ. ವಿಡಂಬನೆಯೋ ಮಂತ್ರವೋ ಎಂಬ ವಿದ್ವಾಂಸರ ಪ್ರಶ್ನೆ ಆ ಚಪ್ಪರದ ಕೆಳಗೆ ಏಳುವುದೇ ಇಲ್ಲ.

ಶ್ರೌತಯಾಗಗಳ ಒಳಗೂ ವಿಧಿಬದ್ಧವಾದ ನಗೆ ಇತ್ತು. ಒಂದು ವರ್ಷ ನಡೆಯುವ ‘ಗವಾಮಯನ’ ಸತ್ರದ ಕೊನೆಗೆ ಬರುವ ‘ಮಹಾವ್ರತ’ವನ್ನು ಇಲ್ಲಿ ಗಮನಿಸಬಹುದು. ಅಲ್ಲಿ ಹೋತೃವು ಉಯ್ಯಾಲೆಯ ಮೇಲೆ ಕುಳಿತು ಮಂತ್ರ ಹೇಳುತ್ತಾನೆ. ಒಬ್ಬ ಯಾಗನಿರತರನ್ನು ಹೊಗಳುತ್ತಾನೆ, ಇನ್ನೊಬ್ಬ ಅವರನ್ನೇ ತೆಗಳುತ್ತಾನೆ. ಬ್ರಹ್ಮಚಾರಿಯೂ ವೇಶ್ಯೆಯೂ ಪರಸ್ಪರ ಬೈದಾಡುತ್ತಾರೆ. ಆರ್ಯನೂ ಶೂದ್ರನೂ ಒಂದು ಚರ್ಮಕ್ಕಾಗಿ ಜಗ್ಗಾಡುತ್ತಾರೆ. ದಾಸಿಯರು ತಲೆಯ ಮೇಲೆ ನೀರಿನ ಕೊಡ ಹೊತ್ತು, ನೆಲವನ್ನು ತುಳಿಯುತ್ತ, ಹಾಡುತ್ತ ಅಗ್ನಿಯ ಸುತ್ತ ಕುಣಿಯುತ್ತಾರೆ. ಬೈಗುಳ, ಮಿಥುನಸೂಚನೆ, ನೀರು ಈ ಮೂರೂ ಇಲ್ಲಿ ಒಟ್ಟಿಗೆ ಇರುವುದು ಆಕಸ್ಮಿಕವಲ್ಲ. ಅಶ್ವಮೇಧದಲ್ಲಿಯೂ ಋತ್ವಿಜರು ಮತ್ತು ರಾಜಪತ್ನಿಯರ ನಡುವೆ ಅಶ್ಲೀಲ ಸಂವಾದ ನಡೆಯುತ್ತದೆ. ಅದು ಮುಗಿದ ಮೇಲೆ, ತಮ್ಮ ಬಾಯನ್ನು ಸುಗಂಧಗೊಳಿಸು ಎಂದು ಬೇಡುವ ಋಕ್ಕನ್ನು ಪಠಿಸುತ್ತಾರೆ. ಆಡಿದ್ದು ಹೊಲಸು ಎಂಬ ಅರಿವು ಅವರಿಗಿತ್ತು. ಆಡದೆ ಯಾಗ ಪೂರ್ಣವಾಗದು ಎಂಬ ನಂಬಿಕೆಯೂ ಇತ್ತು.

ಇದೇ ನಂಬಿಕೆ ಕಥೆಯಾಗಿ ಬೆಳೆದುದಕ್ಕೆ ಋಷ್ಯಶೃಂಗನ ಪ್ರಸಂಗ ಉತ್ತಮ ನಿದರ್ಶನ. ಮಹಾಭಾರತದ ವನಪರ್ವದಲ್ಲಿ ಬರುವಂತೆ, ಅಂಗದೇಶದಲ್ಲಿ ಮಳೆಯಿಲ್ಲದಾಗ ಹೆಣ್ಣನ್ನೇ ಕಾಣದ ಮುನಿಕುಮಾರನನ್ನು ಕರೆತರಲು ಲೋಮಪಾದ ರಾಜ ವೇಶ್ಯೆಯರನ್ನು ಕಳುಹಿಸುತ್ತಾನೆ. ಬಂದವಳನ್ನು ಋಷ್ಯಶೃಂಗ ಅಪೂರ್ವ ಬ್ರಹ್ಮಚಾರಿಯೆಂದೇ ತಿಳಿಯುತ್ತಾನೆ. ತಂದೆಯ ಮುಂದೆ ಅವಳ ಜಡೆ, ಆಭರಣ, ಅಂಗಾಂಗಗಳನ್ನು ಮುಗ್ಧವಾಗಿ ವರ್ಣಿಸಿ, ತಾನೂ ಅಂಥದೇ ತಪಸ್ಸು ಮಾಡಬೇಕೆನ್ನುತ್ತಾನೆ. ತಂದೆಗೆ ಗೊತ್ತು, ಕೇಳುಗರಿಗೆ ಗೊತ್ತು, ಹೇಳುತ್ತಿರುವವನಿಗೆ ಮಾತ್ರ ಗೊತ್ತಿಲ್ಲ. ನಗೆ ಹುಟ್ಟುವುದು ಇಲ್ಲಿಂದಲೇ. ಬೌದ್ಧರ ನಳಿನಿಕಾ ಜಾತಕದಲ್ಲಿಯೂ ಇದೇ ಕಥೆಯಿದ್ದು, ಅಲ್ಲಿಯೂ ಹಿನ್ನೆಲೆ ಅನಾವೃಷ್ಟಿಯೇ. ಧರ್ಮ ಬದಲಾದರೂ ಮಳೆ, ಮಿಥುನ, ನಗೆಗಳ ನಂಟು ಬಿಟ್ಟಿಲ್ಲ. ಶೃಂಗೇರಿಯ ಸಮೀಪದ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಭಕ್ತರು ಮಳೆಗಾಗಿ ಇಂದಿಗೂ ಮೊರೆಯಿಡುತ್ತಾರೆ.

ಈ ನಂಟು ಅತ್ಯಂತ ಸ್ಪಷ್ಟವಾಗಿ ಉಳಿದಿರುವುದು ಉತ್ತರ ಕರ್ನಾಟಕದ ಜೋಕುಮಾರನ ಆಚರಣೆಯಲ್ಲಿ. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯ ಹೊತ್ತಿಗೆ ಸಾಯುವ ಈ ದೇವರ ಆಯುಸ್ಸು ಏಳು ದಿನ. ಅಂಬಿಗ, ಬಾರಕೇರ ಮೊದಲಾದ ಸಮುದಾಯಗಳ ಹೆಂಗಸರು ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಬೇವಿನ ಸೊಪ್ಪು ಸುತ್ತಿ, ಬಾಯಿಗೆ ಬೆಣ್ಣೆ ಹಚ್ಚಿ ಮನೆಮನೆಗೆ ಹೊತ್ತು ತರುತ್ತಾರೆ. ಗೃಹಿಣಿಯರು ಮೊರದಲ್ಲಿ ಕಾಳು ನೀಡಿ, ಬೇವಿನ ಎಲೆಯೊಂದಿಗೆ ಪ್ರಸಾದ ಪಡೆಯುತ್ತಾರೆ. ರೈತರು ಅದನ್ನು ಹೊಲದಲ್ಲಿ ಚರಗವಾಗಿ ಚೆಲ್ಲುತ್ತಾರೆ. ಹೆಣ್ಣುಗಳ ಬೆನ್ನು ಹತ್ತಿ, ಕೊನೆಗೆ ಅದಕ್ಕಾಗಿಯೇ ಕೊಲೆಯಾಗುವ ಈ ದೇವರ ಲೀಲೆಗಳನ್ನು ಹಾಡುವವರು ಹೆಂಗಸರೇ ಎಂಬುದು ಮುಖ್ಯ. ಗಣಪತಿ ಕಡುಬು ತಿಂದು ಹೋಗಿ ಭೂಲೋಕದಲ್ಲಿ ಎಲ್ಲರೂ ಸುಖಿಗಳೆಂದು ಶಿವನಿಗೆ ವರದಿ ಒಪ್ಪಿಸಿದರೆ, ಅಂಬಲಿ ಉಂಡು ಹೋದ ಜೋಕುಮಾರ ಬಡವರ ಬವಣೆಯನ್ನು ತಿಳಿಸಿ ಮಳೆ ತರಿಸುತ್ತಾನೆ ಎಂಬ ನಂಬಿಕೆಯೂ ಇದೆ. ಪೋಲಿಯೆನಿಸಿದ ದೇವರೇ ಇಲ್ಲಿ ಬಡವರ ವಕೀಲ. ಈ ದೇವರನ್ನು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ನಾಟಕವು ಆಧುನಿಕ ರಂಗಭೂಮಿಗೆ ತಂದಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ದಾಖಲಿಸಬೇಕಾಗಿದೆ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ನಾನು ಜೋಕುಮಾರನ ಹಾಡುಗಳನ್ನು ಸಂಗ್ರಹಿಸಿದ್ದೆ. ಬಿಡಿಸಿ ಹೇಳುವ ನುಡಿಗಳು ಬಂದಾಗ ನನ್ನ ಲೇಖನಿ ನಿಂತಿತು. ಹಾಡುತ್ತಿದ್ದ ಹಿರಿಯಳು ಅದನ್ನು ಕಂಡು ಆ ನುಡಿಯನ್ನೇ ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹಾಡಿದಳು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆ ನಗೆ ಮುಗಿದ ಮೇಲೆಯೇ ಆಕೆ ಮೊರಕ್ಕೆ ಬೇವಿನ ಎಲೆ ಹಾಕಿದ್ದು. ನಾನು ಮಹಾಪ್ರಬಂಧದ ಅನುಬಂಧದಲ್ಲಿ ಆ ಸಾಲುಗಳ ಜಾಗದಲ್ಲಿ ಚುಕ್ಕೆಗಳನ್ನು ಹಾಕಿದೆ. ಬಹಳ ವರ್ಷಗಳ ಅನಂತರ ಮಹಾವ್ರತದ ವಿವರಗಳನ್ನು ಓದುವಾಗ, ಆ ನಗೆಯೂ ಆಚರಣೆಯ ಒಂದು ಅಂಗವಾಗಿತ್ತು, ಅದಾಗದೆ ಪ್ರಸಾದ ಸಲ್ಲುತ್ತಿರಲಿಲ್ಲ ಎಂಬುದು ಹೊಳೆಯಿತು. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದಳು. ಅದೇ ಊರಿನ ಕಿರಿಯರು ಹಾಡನ್ನು ಉಳಿಸಿಕೊಂಡಿದ್ದರೂ ನಾಚಿಕೆಯಿಂದ ಆ ನುಡಿಗಳನ್ನು ಬಿಟ್ಟಿದ್ದರು.

ಮುಜುಗರ ಹೊಸತಲ್ಲ. ಮಹಾವ್ರತದ ಮಿಥುನವಿಧಿಯನ್ನು ಕುರಿತು ಶಾಂಖಾಯನ ಶ್ರೌತಸೂತ್ರವು, ಅದು ಹಳೆಯದು, ಬಿಟ್ಟುಹೋದದ್ದು, ಮಾಡಬಾರದು ಎಂದು ಹೇಳುತ್ತದೆ. ಆದರೆ ಸೂತ್ರಕಾರನ ಪ್ರಾಮಾಣಿಕತೆಯನ್ನು ಗಮನಿಸಬೇಕು. ಆತ ಆಚರಣೆಯನ್ನು ಕೈಬಿಟ್ಟನೇ ಹೊರತು ಅದರ ದಾಖಲೆಯನ್ನು ಕೈಬಿಡಲಿಲ್ಲ. ಮಾಡಬಾರದೆಂದ ಆ ಮಾತಿನಿಂದಲೇ ಅದು ಹಿಂದೆ ಇತ್ತೆಂದು ನಾವು ಇಂದು ತಿಳಿಯುತ್ತೇವೆ. ನನ್ನ ಚುಕ್ಕೆಗಳಿಂದ ಯಾರೂ ಏನನ್ನೂ ತಿಳಿಯಲಾರರು.

ಆದ್ದರಿಂದ ಪ್ರಾಚೀನ ಪುರಾಣಗಳ ಹಗುರ ಮುಖವನ್ನು ಹಗುರವಾಗಿ ಕಾಣುವಂತಿಲ್ಲ. ಹಸಿವು ಮತ್ತು ಬರದ ಎದುರು ನಿಂತ ಆದಿಮಾನವ ದೇವರನ್ನು ಬೇಡಿದ. ಬೇಡಿ ಸಾಲದಾದಾಗ ದೇವರನ್ನು ನಗಿಸಿದ, ತಾನೂ ನಕ್ಕ. ನೆಲ ಬಿರಿಯುವುದು, ಮುಗಿಲು ಬಿರಿಯುವುದು, ಮುಖ ಬಿರಿಯುವುದು ಅವನಿಗೆ ಒಂದೇ ಕ್ರಿಯೆಯ ಮೂರು ರೂಪಗಳಾಗಿದ್ದವು. ಜನಪದ ಪಠ್ಯಗಳ ಸಂಪಾದನೆಯಲ್ಲಿ ಇನ್ನು ಮುಂದಾದರೂ ನಗೆಯ ನುಡಿಗಳನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕು. ಯಾರು, ಯಾವ ಹಂತದಲ್ಲಿ, ಏತಕ್ಕೆ ನಕ್ಕರೆಂಬುದನ್ನೂ ಗುರುತಿಸಬೇಕು. ಕಿರಿಯರ ಬಾಯಿಂದ ಆ ನುಡಿಗಳು ಜಾರುತ್ತಿರುವ ಈ ಕಾಲದಲ್ಲಿ, ಅವನ್ನು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.