ಕುದುರೆಮುಖ: ಜಲಪಾತದ ಆಚೆಗಿನ ಚರಿತ್ರೆ

ಕುದುರೆಮುಖದ ಕಾಡನ್ನು ನೋಡಿ ಬಂದವರು ಸಾಮಾನ್ಯವಾಗಿ ‘ಮನುಷ್ಯ ಮುಟ್ಟದ ಪ್ರಕೃತಿ’ ಎನ್ನುತ್ತಾರೆ. ಕಾರ್ಕಳದ ಕಡೆಯಿಂದ ಘಟ್ಟ ಹತ್ತಿ, ಒಂದೇ ದಿನದಲ್ಲಿ ಉದ್ಯಾನವನ್ನು ದಾಟಿ ಕಳಸಕ್ಕೆ ಹೋದಾಗ ನನಗೆ ಕಂಡದ್ದು ಬೇರೆ. ಈ ಕಾಡು ತಾನಾಗಿ ಉಳಿದದ್ದಲ್ಲ. ಜನ ವಾದಿಸಿ ಉಳಿಸಿಕೊಂಡದ್ದು.

ಮೆಟ್ಟಿಲಿಳಿದು ಹೋದರೆ ಹನುಮನಗುಂಡಿ ಜಲಪಾತ, ರಸ್ತೆ ಬದಿಯಲ್ಲೇ ಕಡಾಂಬಿ. ಶಿಖರಗಳ ಪಶ್ಚಿಮದ ಮೈ ಕಡಿದಾಗಿ ಕರಾವಳಿಯತ್ತ ಇಳಿಯುತ್ತದೆ. ಕಣಿವೆಗಳಲ್ಲಿ ಶೋಲಾ ಕಾಡು, ಮೇಲೆ ಹುಲ್ಲುಗಾವಲು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಸಾಲಿನಲ್ಲೇ. ಪ್ರವಾಸಿಗರ ಕ್ಯಾಮೆರಾ ಇಲ್ಲಿಗೆ ನಿಲ್ಲುತ್ತದೆ. ಚರಿತ್ರೆ ಮಾತ್ರ ಇನ್ನೂ ಮುಂದೆ, ಲಕ್ಯಾ ಅಣೆಕಟ್ಟಿನ ಹಿಂದೆ ಹೂಳಾಗಿ ಕೂತಿದೆ.

ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ ಎಂಬುದನ್ನು 1913ರಲ್ಲಿ ಗುರುತಿಸಿದವರು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್. 1975ರಲ್ಲಿ ಇರಾನಿನೊಂದಿಗೆ ಒಪ್ಪಂದವಾಯಿತು, 1976ರಲ್ಲಿ ಸರ್ಕಾರಿ ಕಂಪನಿ ಹುಟ್ಟಿತು. ಅದಿರನ್ನು ಪುಡಿ ಮಾಡಿ, ಕಬ್ಬಿಣವನ್ನು ಬೇರ್ಪಡಿಸಿ, ನೀರಿನಲ್ಲಿ ಕದಡಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುವುದು ಯೋಜನೆ. ಉಳಿದ ಕೆಸರು ಲಕ್ಯಾ ಕಣಿವೆಗೆ. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು. ಗಣಿಗೆ ಬೇರೆ ಗಿರಾಕಿಗಳು ಸಿಕ್ಕರು.

ಇದೇ ಹೊತ್ತಿನಲ್ಲಿ ಇನ್ನೊಂದು ಲೆಕ್ಕವೂ ಶುರುವಾಗಿತ್ತು. ಎಂಬತ್ತರ ದಶಕದ ಮೊದಲಲ್ಲಿ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಗಣಿ ಕೆಲಸ ಮಾಡುತ್ತಿರುವಾಗಲೇ, 1987ರಲ್ಲಿ, ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 1999ಕ್ಕೆ ಗಣಿ ಗುತ್ತಿಗೆಯ ಅವಧಿ ಮುಗಿದಾಗ ಪ್ರಶ್ನೆ ನೇರವಾಯಿತು: ಅದಿರೋ, ಭದ್ರೆಯೋ? ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. ನದಿಗೆ ಸೇರುವ ಕೆಂಪು ಹೂಳು ಅಲ್ಲಿ ವಾದದ ವಸ್ತುವಾಯಿತು. 2002ರ ಅಕ್ಟೋಬರ್ 30ರ ತೀರ್ಪಿನಂತೆ, 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಇದನ್ನು ಬರೀ ಗೆಲುವಿನ ಕತೆಯಾಗಿ ಹೇಳಿದರೆ ಅರ್ಧ ಹೇಳಿದಂತೆ. ಗಣಿಯನ್ನೇ ನಂಬಿ ಬೆಳೆದ ಊರು ಖಾಲಿಯಾಯಿತು. ಉದ್ಯಾನದ ಗಡಿ ಬಿದ್ದದ್ದು ಖಾಲಿ ಜಾಗದ ಸುತ್ತಲೂ ಅಲ್ಲ. ತಲೆಮಾರುಗಳಿಂದ ಅಲ್ಲೇ ಬದುಕಿದ ಮಲೆಕುಡಿಯರ, ಸಣ್ಣ ಕೃಷಿಕರ ಮನೆಗಳೂ ಅದರೊಳಗೆ ಬಂದವು. ಬೆಟ್ಟವನ್ನು ಅಗೆದ ಕಂಪನಿಗೂ, ಬೆಟ್ಟದ ಬುಡದಲ್ಲಿ ಗದ್ದೆ ಮಾಡಿದವರಿಗೂ ‘ಹೊರಗೆ ಹೋಗಿ’ ಎಂಬ ಒಂದೇ ಮಾತು ಕೇಳಿಸಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

‘ಮನುಷ್ಯ ಮುಟ್ಟದ’ ಎಂಬ ಮಾತಿನ ಅಪಾಯ ಇರುವುದು ಇಲ್ಲಿಯೇ. ಅದು ಅಗೆದವರನ್ನೂ ಮರೆಸುತ್ತದೆ, ಉಳಿಸಿದವರನ್ನೂ ಮರೆಸುತ್ತದೆ, ಬಿಟ್ಟು ಹೋಗಬೇಕಾದವರನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾಡು ಉಳಿದದ್ದಕ್ಕೆ ನನಗೆ ಸಂತೋಷವಿದೆ. ಆ ಸಂತೋಷದ ಬೆಲೆ ಯಾರು ಯಾರು ಎಷ್ಟು ಕೊಟ್ಟರು ಎಂಬುದನ್ನು ಬರೆದಿಡುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.